ಅಂಚೆಯಣ್ಣನ ಲೆಕ್ಕದಲ್ಲಿ ಹದಿನಾರು ವರ್ಷ ಕಾಣೆ!

ದಾವಣಗೆರೆಯ ಮಂಡಿಪೇಟೆಯಲ್ಲಿ ಒಂದು ವಾರದಿಂದ ಒಂದೇ ಮಾತು. ಪೋಸ್ಟಾಫೀಸಿನವರಿಗೆ ವಿ.ಆರ್.ಎಸ್. ಬಂತಂತೆ! ಬೇಗ ರಿಟೈರಾಗಿ ಮನೆಗೆ ಹೋಗೋರಿಗೆ ಲಕ್ಷಗಟ್ಟಲೆ ಇಡಿಗಂಟು ಕೊಡ್ತಾರಂತೆ! ಕಾಗದ ಕೊಡಲು ಬಂದ ಪೋಸ್ಟ್‌ಮನ್ನರನ್ನು ಕಿರಾಣಿ ಅಂಗಡಿಯ ಸಾಹುಕಾರರೊಬ್ಬರು ನಿಲ್ಲಿಸಿ ಕೇಳಿಯೇ ಬಿಟ್ಟರು: "ಏನ್ರೀ ಪೋಸ್ಟಣ್ಣ, ಅರ್ಜಿ ಹಾಕಿದ್ರಾ? ಗಂಟು ಬಂದ್ಮೇಲೆ ನಮ್ಮ ಹಳೇ ಬಾಕಿ ನೆನಪಿರ್ಲಿ."

ಪೋಸ್ಟಣ್ಣ ನಗಲಿಲ್ಲ. "ಅರ್ಜಿ ಹಾಕಾಕೂ ನಂಗೆ ಬರಂಗಿಲ್ಲಂತೆ ಸಾವ್ಕಾರ್ರೇ" ಎಂದರು.

ಈ ಸುದ್ದಿಯ ಬೇರು ಅಮೆರಿಕದಲ್ಲಿದೆ ಅನ್ನುತ್ತಾರೆ ಅಂಚೆ ಕಚೇರಿಯ ಹಿರಿಯರು. ಅಲ್ಲಿನ ಅಂಚೆ ಸಂಸ್ಥೆ 2025ರಲ್ಲಿ ಗುಮಾಸ್ತರಿಗೂ ಟಪಾಲು ಮೂಟೆ ವಿಂಗಡಿಸುವವರಿಗೂ ಬೇಗ ನಿವೃತ್ತಿಯಾಗಿ, 15,000 ಡಾಲರ್ ಕೊಡುತ್ತೇವೆ ಎಂದಿತು. ಹತ್ತು ಸಾವಿರ ಜನ ಹೀಗೆ ಹೊರಡಲಿದ್ದಾರೆಂದು ಆಗಿನ ಪೋಸ್ಟ್‌ಮಾಸ್ಟರ್ ಜನರಲ್ ಲೂಯಿ ಡಿಜಾಯ್ ಅಲ್ಲಿನ ಸಂಸತ್ತಿಗೆ ಬರೆದರು. ಅದು ಮೊಬೈಲಿನಿಂದ ಮೊಬೈಲಿಗೆ ಹಾರುತ್ತಾ ಬಂದು, ದಾವಣಗೆರೆ ಮುಟ್ಟುವ ಹೊತ್ತಿಗೆ ಅಮೆರಿಕ ಉದುರಿ ಹೋಗಿ ಗಂಟು ಮಾತ್ರ ಉಳಿಯಿತು!

ನಂಬುವುದಕ್ಕೆ ಇನ್ನೊಂದು ಕಾರಣವೂ ಉಂಟು. 1985ರ ತನಕ ಅಂಚೆ ಮತ್ತು ಟೆಲಿಫೋನು ಒಂದೇ ಇಲಾಖೆ, ಅಣ್ಣ-ತಮ್ಮ ಇದ್ದ ಹಾಗೆ. ಟೆಲಿಫೋನಿನ ತಮ್ಮ ಮುಂದೆ ಬಿ.ಎಸ್.ಎನ್.ಎಲ್. ಆದ. 2019ರಲ್ಲಿ ಅವನ ಮನೆಯಲ್ಲಿ 50 ದಾಟಿದವರಿಗೆ ನಿಜವಾಗಿಯೂ ವಿ.ಆರ್.ಎಸ್. ಬಂತು. ದುಡಿದ ಪ್ರತಿ ವರ್ಷಕ್ಕೆ 35 ದಿನದ ಸಂಬಳ, ಉಳಿದ ಪ್ರತಿ ವರ್ಷಕ್ಕೆ 25 ದಿನದ್ದು ಅಂತ ಲೆಕ್ಕ. 2020ರ ಜನವರಿ 31ರ ಒಂದೇ ದಿನ 78,000ಕ್ಕೂ ಹೆಚ್ಚು ಜನ ಕುರ್ಚಿ ಬಿಟ್ಟರು. ಅಣ್ಣನ ಮನೆಗೆ ಮಾತ್ರ ಅಂಥ ಸ್ಕೀಮು ಬಂದಿಲ್ಲ.

ಹಾಗಾದರೆ ಪೋಸ್ಟಾಫೀಸಿನಲ್ಲಿ ಇರುವುದೇನು? ಕೇಂದ್ರ ಸರ್ಕಾರದ ಎಲ್ಲ ನೌಕರರಿಗೂ ಇರುವ ಹಳೇ ನಿಯಮ. 20 ವರ್ಷ ಸರ್ವೀಸು ತುಂಬಿದವರು ಮೂರು ತಿಂಗಳ ನೋಟಿಸು ಕೊಟ್ಟು ಹೋಗಬಹುದು. ಮೇಲುಗಂಟು ಒಂದು ರೂಪಾಯಿಯೂ ಇಲ್ಲ. 2004ಕ್ಕೆ ಮುಂಚೆ ಸೇರಿದವರಿಗೆ ಕೊನೆಯ ಮೂಲ ಸಂಬಳದ ಅರ್ಧ ಪಿಂಚಣಿ ಶುರುವಾಗುತ್ತದೆ. ಆಮೇಲೆ ಸೇರಿದವರದು ಎನ್.ಪಿ.ಎಸ್. ಪಾಡು: ಕೂಡಿದ ಹಣದಲ್ಲಿ ಕಡೇಪಕ್ಷ ಶೇ. 40ನ್ನು ಪಿಂಚಣಿ ಕೊಳ್ಳುವುದಕ್ಕೇ ಇಡಬೇಕು. 2025ರ ಏಪ್ರಿಲಿನಿಂದ ಬಂದ ಯು.ಪಿ.ಎಸ್. ಆರಿಸಿಕೊಂಡವರು ಬೇಗ ಹೊರಟರೆ, ತಿಂಗಳ ಖಾತ್ರಿ ಹಣ ಕೈಗೆ ಬರುವುದು 60 ತುಂಬಿದ ಮೇಲೇ. 50ಕ್ಕೆ ಹೊರಟವನು ಹತ್ತು ವರ್ಷ ಏನು ತಿನ್ನಬೇಕು ಅಂತ ಯಾರೂ ಹೇಳಿಲ್ಲ.

ಸಿಟ್ಟಿನ ಭರದಲ್ಲಿ ನೋಟಿಸು ಕೊಡುವವರು ಇದೊಂದು ನೋಡಿಕೊಳ್ಳಲಿ. ಅವಧಿ ಮುಗಿಯುವುದರೊಳಗೆ ಮೇಲಿನವರು ಬೇಡ ಎನ್ನದಿದ್ದರೆ ನಿವೃತ್ತಿ ತಾನಾಗಿಯೇ ಜಾರಿಯಾಗುತ್ತದೆ. ವಾಪಸು ಪಡೆಯಬೇಕಾದರೆ ಆ ತಾರೀಖಿಗೆ ಮುಂಚೆಯೇ ಕೇಳಬೇಕು, ಅದಕ್ಕೂ ಒಪ್ಪಿಗೆ ಬೇಕು.

ಮಂಡಿಪೇಟೆಯ ಪೋಸ್ಟಣ್ಣನ ತೊಡಕು ಇದಕ್ಕಿಂತ ಹಿಂದಿನದು. ಅವರು 1993ರಲ್ಲಿ ಜಗಳೂರು ಕಡೆಯ ಹಳ್ಳಿಯೊಂದರಲ್ಲಿ ಇ.ಡಿ. ಆಗಿ ಸೇರಿದವರು. ಆಗ ವಯಸ್ಸು 22. ಬಸ್ಸಿನಿಂದ ಇಳಿದ ಚೀಲ ಹೊತ್ತು ಬಿಸಿಲಲ್ಲಿ ಊರೂರು ಸುತ್ತಿ, ಮುದುಕಿಯರಿಗೆ ಮನಿಯಾರ್ಡರ್ ಎಣಿಸಿ ಕೊಟ್ಟು, ಓದಲು ಬಾರದವರಿಗೆ ಕಾಗದ ಓದಿ ಹೇಳಿದವರು. 2001ರಲ್ಲಿ ಇ.ಡಿ. ಅನ್ನುವ ಹೆಸರು ಹೋಗಿ ಗ್ರಾಮೀಣ ಡಾಕ್ ಸೇವಕ ಅಂತಾಯಿತು. ಹೆಸರು ದೊಡ್ಡದಾಯಿತು, ಚೀಲ ಅದೇ! 2009ರಲ್ಲಿ ಪರೀಕ್ಷೆ ಪಾಸು ಮಾಡಿ ಪೋಸ್ಟ್‌ಮನ್ ಆದರು.

ಮೊಣಕಾಲು ಹಿಡಿದುಕೊಂಡ ಮೇಲೆ, ಮೂವತ್ತು ವರ್ಷ ದಾಟಿತಲ್ಲ, ಸಾಕು ಅಂತ ಸರ್ವೀಸ್ ಬುಕ್ ತೆಗೆಸಿದರು. ಪುಸ್ತಕ ಶುರುವಾಗುವುದೇ 2009ರಿಂದ. ಹಳ್ಳಿಯ ಹದಿನಾರು ವರ್ಷ ಅದರಲ್ಲಿ ಇಲ್ಲ. ಇ.ಡಿ. ನೌಕರರದು ಸಿವಿಲ್ ಹುದ್ದೆಯೇ ಎಂದು ಸುಪ್ರೀಂ ಕೋರ್ಟು 1977ರಲ್ಲೇ ಹೇಳಿತ್ತು. ಆದರೆ ಆ ಸೇವೆಯನ್ನು ಪಿಂಚಣಿಯ ಸರ್ವೀಸಿಗೆ ಕೂಡಿಸಲಾಗದು ಎಂದು ಅದೇ ಕೋರ್ಟು 2019ರ ನವೆಂಬರಿನಲ್ಲಿ ತೀರ್ಪು ಕೊಟ್ಟಿತು. ದಿನಕ್ಕೆ ನಾಲ್ಕೈದು ತಾಸಿನ ಕೆಲಸ, ಇಲಾಖೆಯ ಖಾಯಂ ನೌಕರಿಯಲ್ಲ ಅನ್ನುವುದು ಸರ್ಕಾರದ ವಾದ. ಮಳೆಗಾಲದಲ್ಲಿ ಹಳ್ಳ ಇಳಿಯುವ ತನಕ ದಂಡೆಯಲ್ಲಿ ಕಾಯ್ದ ತಾಸುಗಳನ್ನು ಯಾವ ಗಡಿಯಾರದಲ್ಲಿ ನೋಡಿದರೋ!

"2029ಕ್ಕೆ ನಂಗೆ ಇಪ್ಪತ್ತು ತುಂಬ್ತತಿ. 2031ಕ್ಕೆ ಅರವತ್ತಾಗಿ ಅವ್ರೇ ಮನೀಗೆ ಕಳಿಸ್ತಾರೆ. ಎರಡು ವರ್ಷದ ಸಲುವಾಗಿ ಎಂಥಾ ಸ್ವಯಂ ನಿವೃತ್ತಿ ಹೇಳ್ರಿ?" ಎನ್ನುತ್ತಾರೆ. ರಾಜೀನಾಮೆ ಕೊಟ್ಟು ಹೋಗಬಹುದು, ತಡೆಯುವವರಿಲ್ಲ. ಆಗ ಎನ್.ಪಿ.ಎಸ್. ಹಣದಲ್ಲಿ ಸಾಮಾನ್ಯವಾಗಿ ಶೇ. 80 ಪಿಂಚಣಿ ಖರೀದಿಗೇ ಹೋಗುತ್ತದೆ, ಕೈಗೆ ಸಿಗುವುದು ಐದರಲ್ಲಿ ಒಂದು ಪಾಲು. ತಮಾಷೆ ನೋಡಿ, 55 ದಾಟಿದ ನೌಕರ ಬೇಡವೆನಿಸಿದರೆ ಮೂರು ತಿಂಗಳ ನೋಟಿಸಿನಲ್ಲಿ ಕಳಿಸುವ ನಿಯಮ ಸರ್ಕಾರದ ಕೈಯಲ್ಲಿದೆ. 

ಹಳ್ಳಿಯ ಬ್ರಾಂಚ್ ಆಫೀಸಿನಲ್ಲೇ ಉಳಿದ ಅವರ ಜೊತೆಗಾರರದು ಬೇರೆಯೇ ಕತೆ. ಅವರ ನಿವೃತ್ತಿಯ ವಯಸ್ಸು 65.

ಅಂಗಡಿಯಲ್ಲಿ ನಿಂತು ಇಷ್ಟು ಹೇಳಿ ಪೋಸ್ಟಣ್ಣ ಚೀಲದಿಂದ ಒಂದು ಸ್ಪೀಡ್ ಪೋಸ್ಟ್ ತೆಗೆದರು. ರಿಜಿಸ್ಟರ್ಡ್ ಪೋಸ್ಟ್ 2025ರಲ್ಲಿ ಸ್ಪೀಡ್ ಪೋಸ್ಟಿನಲ್ಲೇ ಸೇರಿಹೋಯಿತು, ಈಗ ಬ್ಯಾಂಕಿನ ನೋಟಿಸೂ ಹೀಗೇ ಬರುತ್ತದೆ. ಸಾಹುಕಾರರು ಮೊಬೈಲಿನ ಗಾಜಿನ ಮೇಲೆ ಬೆರಳಲ್ಲೇ ಸಹಿ ಗೀಚಿದರು. ಹುಡುಗನನ್ನು ಕರೆದು ಎರಡು ಟೀ ತರಲು ಹೇಳಿದರು. ಬಾಕಿಯ ಮಾತು ಎತ್ತಲಿಲ್ಲ.