ಮತದಾರನ ಒಲವು

ಚುನಾವಣೆಯ ಫಲಿತಾಂಶ ಹೊರಬಿದ್ದ ಮಾರನೆಯ ದಿನ ನಮ್ಮ ಕಾಲೇಜಿನ ಜಗಲಿಯಲ್ಲಿ ಒಂದು ಮಾತು ತಪ್ಪದೆ ಕೇಳಿಬರುತ್ತದೆ: "ನಮ್ಮ ಜನ ಜಾತಿಗೆ ಓಟು ಹಾಕುತ್ತಾರೆ, ಇಲ್ಲವೇ ದುಡ್ಡಿಗೆ ಹಾಕುತ್ತಾರೆ." ಹೀಗೆಂದು ತೀರ್ಪು ಕೊಡುವ ಮಿತ್ರರು ತಾವೊಬ್ಬರೇ ಯೋಚಿಸಿ ಮತ ಹಾಕಿದವರೆಂದು ನಂಬಿರುತ್ತಾರೆ. ನಮ್ಮಲ್ಲಿ ಬಹುಮಂದಿಯ ತಂದೆತಾಯಿಗಳು ಆ 'ನಮ್ಮ ಜನ'ದಲ್ಲೇ ಸೇರಿದವರೆಂಬುದು ಆಗ ಅವರಿಗೆ ನೆನಪಾಗುವಂತೆ ಕಾಣುವುದಿಲ್ಲ. ಜಾತಿಯೂ ಹಣವೂ ಕೆಲಸಮಾಡುವುದಿಲ್ಲವೆಂದು ನಾನು ವಾದಿಸುತ್ತಿಲ್ಲ. ಆದರೆ ಅವೆರಡರಿಂದಲೇ ಎಲ್ಲವೂ ತೀರ್ಮಾನವಾಗುವುದಾದರೆ, ನಮ್ಮ ರಾಜ್ಯದಲ್ಲಿ ನಡೆದ ಕೆಲವು ಚುನಾವಣೆಗಳಿಗೆ ಅರ್ಥವೇ ಉಳಿಯುವುದಿಲ್ಲ.

1984ರ ಡಿಸೆಂಬರಿನ ಲೋಕಸಭಾ ಚುನಾವಣೆಯನ್ನೇ ತೆಗೆದುಕೊಳ್ಳೋಣ. ಕರ್ನಾಟಕದ 28 ಸ್ಥಾನಗಳಲ್ಲಿ 24 ಕಾಂಗ್ರೆಸ್ಸಿಗೆ ಹೋದವು. ರಾಜ್ಯವನ್ನಾಳುತ್ತಿದ್ದ ಜನತಾ ಪಕ್ಷಕ್ಕೆ ದಕ್ಕಿದ್ದು ನಾಲ್ಕೇ. ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರು ಸೋಲಿನ ಹೊಣೆ ಹೊತ್ತು ರಾಜೀನಾಮೆಯಿತ್ತು ಹೊಸ ಚುನಾವಣೆಗೆ ಹೊರಟರು. 1985ರ ಮಾರ್ಚಿಯಲ್ಲಿ ಅದೇ ಜನ ಅದೇ ಜನತಾ ಪಕ್ಷಕ್ಕೆ ವಿಧಾನಸಭೆಯ 224ರಲ್ಲಿ 139 ಸ್ಥಾನಗಳನ್ನು ಕೊಟ್ಟರು. ನಡುವಣ ಆ ಎರಡೂವರೆ ತಿಂಗಳಲ್ಲಿ ಯಾರ ಜಾತಿಯೂ ಬದಲಾಗಿರಲಿಲ್ಲ. ಬದಲಾದದ್ದು ಮತದಾರನ ಮುಂದಿದ್ದ ಪ್ರಶ್ನೆ. ಇಂದಿರಾ ಗಾಂಧಿಯವರ ಹತ್ಯೆಯಾಗಿ ಎರಡು ತಿಂಗಳು ತುಂಬುವ ಮೊದಲು, ದೆಹಲಿಯನ್ನು ಯಾರ ಕೈಗೆ ಒಪ್ಪಿಸುವುದೆಂದು ಅವನನ್ನು ಕೇಳಲಾಯಿತು. ಮಾರ್ಚಿಯಲ್ಲಿ ಕೇಳಿದ್ದು ಬೆಂಗಳೂರಿನಲ್ಲಿ ಯಾರಿರಬೇಕೆಂದು. ಹಳ್ಳಿಹಳ್ಳಿಗೆ ಕೊಳವೆಬಾವಿ ತೋಡಿಸಿ 'ನೀರ್ ಸಾಬ್' ಎನಿಸಿಕೊಂಡ ಅಬ್ದುಲ್ ನಜೀರ್ ಸಾಬರು ಹೆಗಡೆಯವರ ಸಂಪುಟದಲ್ಲಿದ್ದರು. ಬೋರಿನ ನೀರು ಕುಡಿದವನಿಗೆ ಉತ್ತರ ಹೊಳೆಯಲು ಹೆಚ್ಚು ಹೊತ್ತು ಬೇಕಿರಲಿಲ್ಲವೆಂದು ನನ್ನ ಊಹೆ.

ಇನ್ನು 'ವೋಟ್ ಬ್ಯಾಂಕ್' ಎಂಬ ಮಾತು. ಇದನ್ನು ನಾವು ಜಾತಿಗೆ ಇನ್ನೊಂದು ಹೆಸರೆಂಬಂತೆ ಆಡುತ್ತೇವೆ. ಮೈಸೂರಿನ ಸಮೀಪದ ಹಳ್ಳಿಯೊಂದನ್ನು ಅಭ್ಯಾಸಮಾಡಿ ಎಂ. ಎನ್. ಶ್ರೀನಿವಾಸರು 1955ರಲ್ಲಿ ಈ ಮಾತನ್ನು ಬಳಸಿದಾಗ ಅವರ ಕಣ್ಣಮುಂದಿದ್ದದ್ದು ಊರಿನ ಯಜಮಾನ. ಗೇಣಿಗೆ ಹೊಲ ಕೊಡುವವನು, ಸಾಲ ಕೊಡುವವನು, ಜಗಳ ತೀರಿಸುವವನು ಅವನು. ತನ್ನನ್ನು ಆಶ್ರಯಿಸಿದವರ ಮತಗಳನ್ನು ಅಭ್ಯರ್ಥಿಗೆ ಒದಗಿಸಬಲ್ಲವನೂ ಅವನೇ. ಮುಂದಿನ ವರ್ಷ ಹೊಲ ಕೈತಪ್ಪೀತೆಂದು ಧಣಿ ಹೇಳಿದ ಕಡೆ ಮುದ್ರೆ ಒತ್ತಿದವನು ಮೂಢನಲ್ಲ. ಅವನದು ಕಟ್ಟುಬಿದ್ದವನ ಲೆಕ್ಕಾಚಾರ.

ಆ ಕಟ್ಟು ಸಡಿಲವಾದದ್ದು ದೇವರಾಜ ಅರಸರ ಕಾಲದಲ್ಲಿ. 1974ರ ಭೂಸುಧಾರಣಾ ತಿದ್ದುಪಡಿಯಿಂದ ಗೇಣಿ ಪದ್ಧತಿ ರದ್ದಾಯಿತು. ಒಕ್ಕಲುಗಳು ಡಿಕ್ಲರೇಷನ್ ಸಲ್ಲಿಸಿ, ಭೂನ್ಯಾಯಮಂಡಳಿಯ ಮುಂದೆ ನಿಂತು, ಉಳುತ್ತಿದ್ದ ನೆಲವನ್ನು ತಮ್ಮ ಹೆಸರಿಗೆ ಮಾಡಿಸಿಕೊಂಡರು. ನಮ್ಮ ಮನೆಯ ಎರಡೆಕರೆ ಗದ್ದೆಯೂ ಹಾಗೆ ಬಂದುದೇ. 1977ರಲ್ಲಿ ಉತ್ತರ ಭಾರತದಲ್ಲಿ ಕಾಂಗ್ರೆಸ್ಸು ಕೊಚ್ಚಿಹೋದಾಗ ಕರ್ನಾಟಕದಲ್ಲಿ ಅದು 28ರಲ್ಲಿ 26 ಗೆದ್ದದ್ದಕ್ಕೆ ಇದೂ ಒಂದು ಮುಖ್ಯ ಕಾರಣವೆಂದು ನಾನು ತಿಳಿಯುತ್ತೇನೆ. ಮರುವರ್ಷ ಇಂದಿರಾ ಕಾಂಗ್ರೆಸ್ಸಿಗೆ ಹಸುಕರುವಿನ ಗುರುತು ಹೋಗಿ ಹಸ್ತ ಬಂತು. ಓದುಬರಹವಿಲ್ಲದವರು ದಾರಿತಪ್ಪುವರೆಂದು ಎಣಿಸಿದ್ದವರು ಪೆಚ್ಚಾದರು. ಹೊಸ ಗುರುತಿನ ಪಕ್ಷ ವಿಧಾನಸಭೆಯಲ್ಲಿ 149 ಸ್ಥಾನ ಗೆದ್ದಿತು.

ಕಥೆ ಇಲ್ಲಿಗೇ ನಿಂತಿದ್ದರೆ, ಉಪಕಾರ ಮಾಡಿದವನಿಗೆ ಓಟು ಎಂದು ಸುಲಭವಾಗಿ ಹೇಳಿಬಿಡಬಹುದಿತ್ತು. ಆದರೆ ಅರಸರು 1979ರಲ್ಲಿ ಇಂದಿರಾ ಗಾಂಧಿಯವರಿಂದ ದೂರವಾದರು. 1980ರ ಲೋಕಸಭಾ ಚುನಾವಣೆಯಲ್ಲಿ ಇಂದಿರಾ ಕಾಂಗ್ರೆಸ್ಸು ಇಲ್ಲಿ 27 ಸ್ಥಾನ ಗೆದ್ದಿತು; ಅರಸರ ಪಕ್ಷಕ್ಕೆ ಒಂದೂ ಇಲ್ಲ! ಭೂಮಿ ಕೊಡಿಸಿದವರನ್ನು ಭೂಮಿ ಪಡೆದವರೇ ಕೈಬಿಟ್ಟರು. ಇದನ್ನು ಕೃತಘ್ನತೆಯೆನ್ನುವವರುಂಟು. ನನಗೆ ಹಾಗೆ ತೋರುವುದಿಲ್ಲ. ದೆಹಲಿಯಲ್ಲಿ ಜನತಾ ಸರ್ಕಾರ ಒಳಜಗಳದಿಂದ ಉರುಳಿತ್ತು. ಅಲ್ಲಿ ನಿಲ್ಲಬಲ್ಲವರು ಯಾರೆಂಬುದು ಆ ವರ್ಷದ ಪ್ರಶ್ನೆಯಾಗಿತ್ತು. ಅಲ್ಲದೆ ಒಕ್ಕಲಿನವನ ಮನಸ್ಸಿನಲ್ಲಿ ಗದ್ದೆ ಬಂದದ್ದು 'ಇಂದಿರಮ್ಮನ ಕಾಲ'ದಲ್ಲಿ. ನಮ್ಮ ಅಜ್ಜ ಕೊನೆಯವರೆಗೂ ಹಾಗೆಯೇ ಹೇಳುತ್ತಿದ್ದರು. ಅದೇ ಗದ್ದೆಯನ್ನು ಉಳುವ ನಮ್ಮ ತಂದೆಯವರಿಗೆ ಆ ಋಣ ಅಷ್ಟಾಗಿ ತಟ್ಟಿಲ್ಲ. ಅವರ ಚಿಂತೆ ಗೊಬ್ಬರದ ಬೆಲೆ, ಭತ್ತದ ಧಾರಣೆ.

1960ರಲ್ಲಿ ಪ್ರಕಟವಾದ ಒಂದು ಪ್ರಸಿದ್ಧ ಗ್ರಂಥದಲ್ಲಿ ಅಮೆರಿಕದ ಮಿಚಿಗನ್ ವಿಶ್ವವಿದ್ಯಾನಿಲಯದ ವಿದ್ವಾಂಸರು ಪಕ್ಷನಿಷ್ಠೆಯು ಬಹುಮಟ್ಟಿಗೆ ಮನೆಯಿಂದಲೇ ಬರುತ್ತದೆಂದು ತೋರಿಸಿದ್ದಾರೆ. ಪಕ್ಷಗಳೇ ಒಡೆದು, ಕೂಡಿ, ಹೆಸರು ಬದಲಿಸುವ ನಮ್ಮಲ್ಲಿ ಮಗನಿಗೆ ಪಿತ್ರಾರ್ಜಿತವಾಗಿ ಬರಲು ಅಂಥದು ಏನು ಉಳಿದೀತು?

ಈ ಲೆಕ್ಕಗಳನ್ನು ಓದುವಾಗ ಒಂದು ಎಚ್ಚರಿಕೆ ಬೇಕು. ಸ್ಥಾನಗಳು ತಲೆಕೆಳಗಾದ ಮಾತ್ರಕ್ಕೆ ಮತದಾರ ಮನಸ್ಸು ಬದಲಿಸಿದನೆಂದು ಹೇಳಲಾಗದು. 2023ರಲ್ಲಿ ಕಾಂಗ್ರೆಸ್ಸು 224ರಲ್ಲಿ 135 ಗೆದ್ದಿತು. 2024ರ ಲೋಕಸಭೆಗೆ 28ರಲ್ಲಿ ಒಂಬತ್ತು ಮಾತ್ರ. ಜನ ಕೈಬಿಟ್ಟರೆಂದು ಜಗಲಿಯ ಮೇಲೆ ತೀರ್ಮಾನವಾಯಿತು. ಮತಗಳನ್ನು ಎಣಿಸಿ ನೋಡಿದರೆ ಆ ಪಕ್ಷದ ಪಾಲು ನೂರಕ್ಕೆ ಸುಮಾರು 43ರಿಂದ 45ಕ್ಕೆ ಏರಿತ್ತು. ಮೊದಲಿಗೆ ಬೇರೆಬೇರೆಯಾಗಿ ನಿಂತಿದ್ದ ಎದುರಿನ ಎರಡು ಪಕ್ಷಗಳು ಈ ಸಲ ಒಂದಾಗಿದ್ದವು, ಅಷ್ಟೆ.