ಜೇಬಿನಲ್ಲಿ ಆಫೀಸಿಗೆ ಹೋದ ರಿಮೋಟು

2013ರಲ್ಲಿ ಗ್ಯಾಲಕ್ಸಿ ಎಸ್4 ಫೋನ್ ಕೊಂಡಾಗ ನಮ್ಮನೆ ಟೀಪಾಯಿ ಮೇಲೆ ನಾಲ್ಕು ರಿಮೋಟುಗಳಿದ್ದವು. ಟೀವಿಗೊಂದು, ಕೇಬಲ್ ಡಬ್ಬಕ್ಕೊಂದು, ಡಿವಿಡಿಗೊಂದು, ಸ್ಪೀಕರಿಗೊಂದು. ಫೋನಿನ ನೆತ್ತಿಯಲ್ಲಿ ಇನ್‌ಫ್ರಾರೆಡ್ ಬೆಳಕು ಬಿಡುವ ಪುಟ್ಟ ಕಿಂಡಿ. ಆಪ್‌ನಲ್ಲಿ ಕಂಪನಿ ಹೆಸರು ಆರಿಸಿ ಒಂದೆರಡು ಗುಂಡಿ ಒತ್ತಿ ನೋಡಿದರೆ ಮುಗೀತು, ನಾಲ್ಕೂ ಫೋನಿನೊಳಗೆ! ಹಳೆಯವನ್ನೆಲ್ಲ ಡ್ರಾವರಿಗೆ ತುಂಬಿ ಬೀಗಿದೆ.

ಆ ಬೇಸಿಗೆಯಲ್ಲಿ ಅಮ್ಮ ಊರಿಂದ ಬಂದರು. ಒಂದು ಮಧ್ಯಾಹ್ನ ಆಫೀಸಿನಲ್ಲಿದ್ದಾಗ ಮನೆಯ ಲ್ಯಾಂಡ್‌ಲೈನಿನಿಂದ ಕರೆ. "ಟೀವಿ ಹಾಕೋದು ಹೇಗೋ? ರಿಮೋಟು ಎಲ್ಲೂ ಕಾಣ್ತಿಲ್ವಲ್ಲ." ನನ್ನ ಕೈಯಲ್ಲಿ ರಿಂಗಾಗಿದ್ದೇ ಆ ರಿಮೋಟು! ಕಾರಿಲ್ಲದ, ಮಾತಾಡೋಕೆ ಯಾರೂ ಇಲ್ಲದ ಈ ಊರಲ್ಲಿ ಅಮ್ಮನಿಗಿದ್ದ ಒಂದೇ ಜೊತೆಯನ್ನೂ ನಾನು ಜೇಬಿಗಿಳಿಸಿಕೊಂಡು ಬಂದಿದ್ದೆ.

ಸಂಜೆ ಟ್ಯಾಬ್ಲೆಟ್ಟಿಗೂ ರಿಮೋಟ್ ಆಪ್ ಹಾಕಿಕೊಟ್ಟೆ. ಅಮ್ಮ ಗಾಜಿನ ಮೇಲೆ ಬೆರಳಾಡಿಸಿ, "ಇದ್ರಲ್ಲಿ ಗುಂಡೀನೇ ಸಿಗಲ್ವಲ್ಲೋ" ಅಂದರು. ನಿಜ. ಹಳೆ ರಿಮೋಟಿನಲ್ಲಿ 5ರ ಮೇಲೊಂದು ಚುಕ್ಕೆ ಇರುತ್ತೆ, ಕತ್ತಲಲ್ಲೂ ಬೆರಳಿಗೆ ದಾರಿ ತೋರಿಸೋಕೆ. ಗಾಜಿಗೆ ಅದೆಲ್ಲಿ?

2016ರ ಎಸ್7ನಲ್ಲಿ ಆ ಕಿಂಡಿಯೂ ಮಾಯವಾಯ್ತು. ಐಫೋನಿಗಂತೂ ರಿಮೋಟಿನ ಕಿಂಡಿ ಇರಲೇ ಇಲ್ಲ. ಈಗ ಹೆಚ್ಚಿನ ಫೋನುಗಳು ವೈಫೈ ಮೂಲಕವೇ ಟೀವಿಯ ಜೊತೆ ಮಾತಾಡುತ್ತವೆ. ವೈಫೈ ಮಲಗಿದರೆ ಅದೂ ಬಂದ್.

ನನ್ನ ಫೋನಿನಲ್ಲಿ ಆಪ್ ಇನ್ನೂ ಇದೆ, ಬಳಸ್ತೀನಿ ಕೂಡ. ಆದರೆ ಟೀಪಾಯಿ ಮೇಲೆ ಹೊಸ ಬ್ಯಾಟರಿ ಹಾಕಿದ ರಿಮೋಟೊಂದು ಸದಾ ಇರುತ್ತೆ. ಫೋನು ನನ್ನದು ಸರಿ, ಟೀವಿ ಮನೆಯವರೆಲ್ಲರದ್ದು ತಾನೇ?