ಪಡಿಯಚ್ಚಿನ ಬೂದು ಉಳಿಸಿಕೊಳ್ಳೋದು ಹೇಗೆ? ಇಂಗಾಲದ ಇಂಕನ್ನು ತೆಳುಮಾಡುವ ಲೆಕ್ಕ

ಶಾಸನದ ಪಡಿಯಚ್ಚನ್ನು ಸ್ಕ್ಯಾನ್ ಮಾಡಿ, ಮನೆಯ ಇಂಕ್‌ಜೆಟ್‌ನಲ್ಲಿ ಮುದ್ರಿಸಿ ಓದಲು ಕೂತವರಿಗೆ ಈ ಅನುಭವ ಆಗಿರುತ್ತೆ: ಪರದೆಯ ಮೇಲೆ ಇಲ್ಲದ ಸೊನ್ನೆಯೊಂದು ಕಾಗದದ ಮೇಲೆ ಇರುತ್ತೆ, ಪರದೆಯಲ್ಲಿ ಮಸುಕಾಗಿ ಕಂಡ ಕೊಂಬು ಕಾಗದದಲ್ಲಿ ಮಾಯವಾಗಿರುತ್ತೆ. ಒಂದು ಸೊನ್ನೆ ಸೇರಿದರೆ ‘ಕದ’ ಹೋಗಿ ‘ಕಂದ’ ಆಗುತ್ತೆ. ಹಾಗಾಗಿ ಇದು ಬರೀ ಅಂದಚೆಂದದ ವಿಷಯ ಅಲ್ಲ, ಪಾಠದ ವಿಷಯ.

ಪಡಿಯಚ್ಚಿನಲ್ಲಿ ಕಲ್ಲಿನ ಮೇಲ್ಮೈ ಕಪ್ಪಾಗಿ, ಕೊರೆದ ಅಕ್ಷರ ಬಿಳಿಯಾಗಿ ಬರುತ್ತೆ. ಸವೆದ ಅಕ್ಷರ ಪೂರ್ತಿ ಬಿಳಿಯೂ ಅಲ್ಲ, ಕಪ್ಪೂ ಅಲ್ಲ, ಬೂದು. ಉಳಿಯ ಗೆರೆ ಯಾವುದು, ಕಲ್ಲಿನ ಬಿರುಕು ಯಾವುದು ಅನ್ನೋ ತೀರ್ಮಾನಕ್ಕೆ ಈ ಬೂದಿನ ಏರಿಳಿತವೇ ಆಧಾರ. ಆದರೆ ಒಂದೇ ಕಪ್ಪು ಇಂಕು ಇರುವ ಪ್ರಿಂಟರಿಗೆ ಬೂದು ಅಂದರೇನು ಅಂತಲೇ ಗೊತ್ತಿಲ್ಲ. ಅದು ಬಿಳಿ ಕಾಗದದ ಮೇಲೆ ಕಪ್ಪು ಚುಕ್ಕಿಗಳನ್ನು ದೂರ ದೂರ ಚೆಲ್ಲಿ ಬೂದಿನ ಭ್ರಮೆ ಹುಟ್ಟಿಸುತ್ತೆ. ಭೂತಗನ್ನಡಿ ಹಿಡಿದರೆ ಬರೀ ಚುಕ್ಕಿ. ಬಣ್ಣದ ಇಂಕುಗಳನ್ನು ಬೆರೆಸಿ ಬೂದು ಮಾಡಿಸಿದರೆ ಚುಕ್ಕಿ ಕಡಿಮೆಯಾಗುತ್ತೆ ನಿಜ, ಆದರೆ ಟ್ಯೂಬ್‌ಲೈಟಿನಲ್ಲಿ ಒಂದು ಛಾಯೆ, ಬಿಸಿಲಿನಲ್ಲಿ ಇನ್ನೊಂದು. ಡೈ ಇಂಕಾದರೆ ಬೆಳಕಿಗೆ ಬಣ್ಣವೂ ಮಾಸುತ್ತೆ.

ಇದಕ್ಕೆ ಛಾಯಾಗ್ರಾಹಕರು ಕಂಡುಕೊಂಡ ದಾರಿ ಸರಳ. ಬಣ್ಣದ ಕಾರ್ಟ್ರಿಜ್‌ಗಳ ಜಾಗದಲ್ಲಿ ಒಂದೇ ಇಂಗಾಲದ ಇಂಕಿನ ಬೇರೆ ಬೇರೆ ತೆಳುವುಗಳನ್ನು ತುಂಬೋದು. ಜಾನ್ ಕೋನ್ ಅವರ ಪೀಜೋಗ್ರಫಿ ಪದ್ಧತಿಯಲ್ಲಿ ಹೀಗೆ ಏಳು ಛಾಯೆಗಳವರೆಗೂ ಬಳಸುತ್ತಾರೆ. ತೆಳು ಇಂಕಿನ ಚುಕ್ಕಿಗಳು ಒತ್ತೊತ್ತಾಗಿ ಬೀಳುತ್ತವೆ, ನಡುವೆ ಬಿಳಿ ಉಳಿಯೋದಿಲ್ಲ, ಕಣ್ಣಿಗೆ ನಯವಾದ ಬೂದು ಕಾಣುತ್ತೆ. ಪಡಿಯಚ್ಚಿಗೆ ಬಳಸುವ ದೀಪದ ಮಸಿಯೂ ಇಂಗಾಲವೇ ಅಲ್ವಾ! ಹಳೆಯ ಪಡಿಯಚ್ಚುಗಳು ಇಂದಿಗೂ ಕಪ್ಪಾಗಿ ಉಳಿದಿರೋದು ಅದರಿಂದಲೇ.

ಈಗ ಲೆಕ್ಕ. ನಾಲ್ಕು ಛಾಯೆ ಸಾಕು ಅಂದುಕೊಳ್ಳೋಣ: 100%, 25%, 6%, 2%. 25 ಮಿ.ಲೀ. ಮೂಲ ಇಂಕಿಗೆ 75 ಮಿ.ಲೀ. ತೆಳುದ್ರವ ಸೇರಿಸಿದರೆ 25% ಆಯಿತು. ಅದರಲ್ಲಿ 24 ಮಿ.ಲೀ. ತೆಗೆದು 76 ಮಿ.ಲೀ. ದ್ರವ ಸೇರಿಸಿದರೆ 6%. ಅದೇ 25%ರಲ್ಲಿ 8 ಮಿ.ಲೀ.ಗೆ 92 ಮಿ.ಲೀ. ದ್ರವ ಸೇರಿಸಿದರೆ 2%. ನೇರವಾಗಿ 2 ಮಿ.ಲೀ. ಮೂಲ ಇಂಕು ಅಳೆದರೆ ಆಗಲ್ವಾ ಅಂತ ಕೇಳಬಹುದು. ಆಗುತ್ತೆ, ಆದರೆ ಸಿರಿಂಜಿನಲ್ಲಿ ಅರ್ಧ ಮಿ.ಲೀ. ತಪ್ಪಿದರೆ 2ರಲ್ಲಿ ಅದು ಕಾಲು ಭಾಗದ ತಪ್ಪು, 8ರಲ್ಲಿ ಹದಿನಾರನೇ ಒಂದು ಭಾಗ ಮಾತ್ರ. ಅಳೆಯುವ ಮುಂಚೆ ಬಾಟಲಿ ಚೆನ್ನಾಗಿ ಕುಲುಕಬೇಕು, ಇಂಗಾಲದ ಕಣ ತಳಕ್ಕೆ ಇಳಿದಿರುತ್ತೆ.

ತೆಳುದ್ರವ ಅಂದರೆ ಬರೀ ನೀರಲ್ಲ. ನಲ್ಲಿ ನೀರಂತೂ ಬೇಡವೇ ಬೇಡ, ಅದರ ಲವಣ ನಳಿಕೆಯಲ್ಲಿ ಕೂರುತ್ತೆ. ಡಿಸ್ಟಿಲ್ಡ್ ವಾಟರ್‌ಗೆ ಸ್ವಲ್ಪ ಗ್ಲಿಸರಿನ್ ಸೇರಿದರೆ ನಳಿಕೆ ಬೇಗ ಒಣಗೋದಿಲ್ಲ. ಫಿಲ್ಮ್ ತೊಳೆಯುವವರು ಬಳಸುವ ಫೋಟೋ-ಫ್ಲೋದಂಥದ್ದು ಒಂದಿಷ್ಟು ಸೇರಿದರೆ ಇಂಕು ಸರಾಗವಾಗಿ ಹರಿಯುತ್ತೆ. ಹೊಸಬರು ಸಿದ್ಧದ್ರವವನ್ನೇ ಕೊಳ್ಳೋದು ಕ್ಷೇಮ. ಪ್ರಯೋಗಕ್ಕೆ ಹಳೆಯ ಎಪ್ಸನ್ ಪ್ರಿಂಟರ್ ಒಂದನ್ನು ಬೇರೆಯೇ ಇಡಿ, ಹೊಸ ಯಂತ್ರದ ವಾರಂಟಿ ಕಳೆದುಕೊಳ್ಳಬೇಡಿ.

ಇನ್ನೊಂದು ವಿಷಯ. ಹಳದಿ ಇಂಕಿನ ಜಾಗದಲ್ಲಿ ತೆಳು ಬೂದು ಕೂತಿದೆ ಅಂತ ಪ್ರಿಂಟರಿಗೆ ತಿಳಿಯೋದಿಲ್ಲ. ಅದನ್ನು ಹೇಳಿಕೊಡಲು ಕ್ವಾಡ್‌ಟೋನ್‌ರಿಪ್‌ನಂಥ ತಂತ್ರಾಂಶ ಬೇಕು. ಇಂಕು ಅರ್ಧಕ್ಕೆ ಇಳಿದರೆ ಕಪ್ಪು ಅರ್ಧಕ್ಕೆ ಇಳಿಯುತ್ತೆ ಅನ್ನೋ ಹಾಗಿಲ್ಲ, ಕಾಗದದ ಗುಣವೂ ಸೇರುತ್ತೆ. ಆದ್ದರಿಂದ ಬಿಳಿಯಿಂದ ಕಪ್ಪಿನವರೆಗೆ 21 ಮೆಟ್ಟಿಲಿನ ಪಟ್ಟಿಯನ್ನು ನೀವು ಬಳಸುವ ಮ್ಯಾಟ್ ಕಾಗದದ ಮೇಲೇ ಮುದ್ರಿಸಿ, ಒಂದು ದಿನ ಒಣಗಲು ಬಿಟ್ಟು, ಸ್ಕ್ಯಾನ್ ಮಾಡಿ ಅಳೆಯಿರಿ. ಎರಡು ಮೆಟ್ಟಿಲು ಒಂದೇ ಥರ ಕಂಡರೆ, ಅಥವಾ ನಡುವೆ ದೊಡ್ಡ ಜಿಗಿತ ಇದ್ದರೆ, ಒಂದು ಇಂಕಿನಿಂದ ಇನ್ನೊಂದಕ್ಕೆ ದಾಟುವ ಜಾಗ ಸರಿಯಿಲ್ಲ ಅಂತ ಅರ್ಥ. ತೆಳುವಾದ ಇಂಗಾಲ ತುಸು ಕಂದಾಗಿ ಕಾಣುತ್ತೆ, ಓದಿಗೆ ಅದರಿಂದ ತೊಂದರೆಯಿಲ್ಲ.

ಕೊನೆಗೆ, ಪಾಠ ಖಚಿತವಾಗಿರುವ ಒಂದು ಪಡಿಯಚ್ಚನ್ನು ಮುದ್ರಿಸಿ ನೋಡಿ. ಗೊತ್ತಿರುವ ಸವೆದ ಅಕ್ಷರ ಅದರಲ್ಲಿ ಕಂಡರೆ ಮಾತ್ರ ಗೊತ್ತಿಲ್ಲದ ಶಾಸನಕ್ಕೆ ಕೈಹಾಕಿ. ಪ್ರತಿಯ ಹಿಂದೆ ಪೆನ್ಸಿಲಿನಲ್ಲಿ ಇಂಕಿನ ಪ್ರಮಾಣ, ಕಾಗದ, ತಾರೀಕು ಬರೆದಿಡಿ. ಮತ್ತೆ, ಎಷ್ಟೇ ನಯವಾಗಿ ಬಂದರೂ ಅದು ಪ್ರತಿಯ ಪ್ರತಿ. ಅನುಮಾನ ಬಂದ ಸೊನ್ನೆಗೆ ಉತ್ತರ ಮೂಲ ಪಡಿಯಚ್ಚಿನಲ್ಲಿದೆ, ಅಲ್ಲೂ ಸಿಗದಿದ್ದರೆ ಕಲ್ಲಿನ ಹತ್ತಿರವೇ ಹೋಗಬೇಕು.